ಅನುಮತವಿಲ್ಲದ ಮಾತು

2024ರ ಜನವರಿಯಲ್ಲಿ ತಮಿಳುನಾಡಿನ ಒಂದು ಪುಸ್ತಕ ಬಿಡುಗಡೆ ಸಮಾರಂಭದ ತೆರೆಯ ಮೇಲೆ ಎಂ. ಕರುಣಾನಿಧಿ ಕಾಣಿಸಿಕೊಂಡರು. ಕಪ್ಪು ಕನ್ನಡಕ, ಬಿಳಿಯ ಅಂಗಿ, ಹೆಗಲ ಮೇಲೆ ಹಳದಿ ಶಾಲು, ಜನರ ಕಿವಿಗೆ ಚಿರಪರಿಚಿತವಾದ ಕಂಠ. ಪುಸ್ತಕದ ಲೇಖಕರೂ ತಮ್ಮ ಪಕ್ಷದ ಹಿರಿಯರೂ ಆದ ಟಿ.ಆರ್. ಬಾಲು ಅವರನ್ನು ಅಭಿನಂದಿಸಿ, ಮಗ ಎಂ.ಕೆ. ಸ್ಟಾಲಿನ್ ಅವರ ನಾಯಕತ್ವವನ್ನು ಮೆಚ್ಚಿ ಅವರು ಮಾತನಾಡಿದರು. ಆದರೆ ಕರುಣಾನಿಧಿ ತೀರಿಕೊಂಡದ್ದು 2018ರ ಆಗಸ್ಟ್‌ನಲ್ಲಿ. ಮರುತಿಂಗಳು, 2016ರಲ್ಲಿ ನಿಧನರಾದ ಜಯಲಲಿತಾ ಅವರ ಜನ್ಮದಿನದಂದು, ಅಣ್ಣಾ ಡಿಎಂಕೆಯು ಅವರ ಧ್ವನಿಯನ್ನೂ ಇದೇ ರೀತಿ ಸೃಷ್ಟಿಸಿ, ಪಳನಿಸ್ವಾಮಿಯವರನ್ನು ಬೆಂಬಲಿಸಬೇಕೆಂದು ಹೇಳಿಸಿತು.

ಇವುಗಳನ್ನು ಸುಳ್ಳು ಎಂದು ತಳ್ಳಿಹಾಕುವುದು ಸುಲಭವಲ್ಲ. ಇಬ್ಬರೂ ಬದುಕಿಲ್ಲವೆಂಬುದು ಕೇಳುಗರೆಲ್ಲರಿಗೂ ಗೊತ್ತಿತ್ತು. ಇದು ಕೃತಕ ಬುದ್ಧಿಮತ್ತೆಯ ಕೆಲಸವೆಂಬುದೂ ಗುಟ್ಟಾಗಿರಲಿಲ್ಲ. ಹಾಗಾದರೆ ದೋಷವಿರುವುದು ಎಲ್ಲಿ? ಸಾಹಿತ್ಯದ ವಿದ್ಯಾರ್ಥಿ ಯಾವುದೇ ಪಠ್ಯದ ಮುಂದೆ ಕುಳಿತಾಗ ಮೊದಲು ಕೇಳುವ ಪ್ರಶ್ನೆಯಲ್ಲಿಯೇ ಅದಕ್ಕೆ ಉತ್ತರವಿದೆ: ಈ ಮಾತು ಯಾರದು?

ಕನ್ನಡದ ಉಪಲಬ್ಧ ಪ್ರಥಮ ಗ್ರಂಥವಾದ ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ಬಹುಕಾಲ ನಡೆದಿದೆ. ಆ ಚರ್ಚೆಯ ಗದ್ದಲದಲ್ಲಿ ಒಂದು ಸಂಗತಿ ಹಿಂದೆ ಸರಿಯುತ್ತದೆ. ಗ್ರಂಥವು ತಾನು ದೊರೆಯ ಅನುಮತವನ್ನು ಪಡೆದದ್ದೆಂದು ತಾನೇ ಹೇಳಿಕೊಳ್ಳುತ್ತದೆ. ಬರೆದ ಕೈ ಯಾರದೇ ಇರಲಿ, ಬರೆದದ್ದಕ್ಕೆ ಒಪ್ಪಿಗೆ ಕೊಟ್ಟವನು ಅಂದು ಜೀವಂತನಾಗಿದ್ದ. ಬೇಡವೆನ್ನುವ ಅಧಿಕಾರ ಅವನಿಗಿತ್ತು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಆಡುವ ಮಾತು ನ್ಯಾಯವಾಗುವುದು ಈ ‘ಬೇಡ’ ಎನ್ನುವ ಅವಕಾಶದಿಂದಲೇ.

ಇದೇ ಒರೆಗಲ್ಲಿನ ಮೇಲೆ ಹೊರಗಿನ ಎರಡು ಪ್ರಸಂಗಗಳನ್ನೂ ಉಜ್ಜಿ ನೋಡಬಹುದು. 2023ರ ಡಿಸೆಂಬರ್‌ನಲ್ಲಿ ಸೆರೆಮನೆಯಲ್ಲಿದ್ದ ಪಾಕಿಸ್ತಾನದ ಇಮ್ರಾನ್ ಖಾನ್, ವಕೀಲರ ಮೂಲಕ ಟಿಪ್ಪಣಿಗಳನ್ನು ಕಳುಹಿಸಿದರು. ಅವುಗಳ ಆಧಾರದ ಮೇಲೆ ಅವರ ಪಕ್ಷವು ಕೃತಕ ಧ್ವನಿಯಲ್ಲಿ ಭಾಷಣವನ್ನು ಸಿದ್ಧಪಡಿಸಿ, ಅದು ಕೃತಕವೆಂದು ತಿಳಿಸಿಯೇ ಪ್ರಸಾರ ಮಾಡಿತು. ಅಲ್ಲಿ ಕಂಠ ಯಂತ್ರದ್ದು, ಮಾತು ಮನುಷ್ಯನದು. 2024ರ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಮತದಾರರಿಗೆ ಜೋ ಬೈಡನ್ ಅವರದೆಂಬಂತಿದ್ದ ಧ್ವನಿಯಲ್ಲಿ ಫೋನ್ ಕರೆಗಳು ಬಂದವು. ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಬೇಡಿರೆಂದು ಅವು ಹೇಳಿದವು. ಬೈಡನ್ ಬದುಕಿದ್ದರು, ಅದು ತಮ್ಮ ಮಾತಲ್ಲವೆನ್ನಲು ಸಾಧ್ಯವಿತ್ತು. ಕರೆಗಳ ಹಿಂದಿದ್ದ ರಾಜಕೀಯ ಸಲಹೆಗಾರನಿಗೆ 60 ಲಕ್ಷ ಡಾಲರ್ ದಂಡವನ್ನೂ ವಿಧಿಸಲಾಯಿತು. ಮೃತ ನಾಯಕನಿಗೆ ಇವೆರಡೂ ಇಲ್ಲ. ಆತ ಟಿಪ್ಪಣಿ ಕಳುಹಿಸಲಾರ, ನಿರಾಕರಿಸಲೂ ಆರ.

ಭಾರತದ ಚುನಾವಣಾ ಆಯೋಗವು 2025ರ ಅಕ್ಟೋಬರ್‌ನಲ್ಲಿ ಪಕ್ಷಗಳಿಗೆ ನೀಡಿದ ಸೂಚನೆಯು ಸರಿಯಾದ ದಿಕ್ಕಿನಲ್ಲಿದೆ. ಕೃತಕ ದೃಶ್ಯವಾದರೆ ತೆರೆಯ ಶೇ. 10ರಷ್ಟು ಜಾಗದಲ್ಲಿ, ಧ್ವನಿಯಾದರೆ ಆರಂಭದ ಶೇ. 10ರಷ್ಟು ಅವಧಿಯಲ್ಲಿ ಅದನ್ನು ಸೂಚಿಸಬೇಕು, ತಯಾರಿಸಿದವರ ಹೆಸರಿರಬೇಕು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅವರ ರೂಪವನ್ನಾಗಲಿ ಧ್ವನಿಯನ್ನಾಗಲಿ ತಪ್ಪಾಗಿ ಬಿಂಬಿಸಬಾರದು. ಆದರೆ ಹಸ್ತಪ್ರತಿಗಳನ್ನು ಬಲ್ಲವರಿಗೆ ಇದರ ದೌರ್ಬಲ್ಯವೂ ಕಾಣುತ್ತದೆ. ಓಲೆಗರಿಯ ಕಟ್ಟಿನಲ್ಲಿ ಮೊದಲು ಕಳೆದುಹೋಗುವುದು ಆದಿಯ ಗರಿ, ಅಂತ್ಯದ ಗರಿ; ಕವಿಯ ಹೆಸರು, ಲಿಪಿಕಾರನ ಹೆಸರು ಇರುವುದು ಬಹುಮಟ್ಟಿಗೆ ಅಲ್ಲಿಯೇ. ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟುವ ಧ್ವನಿತುಣುಕಿನ ಆರಂಭವನ್ನು ಕತ್ತರಿಸಲು ಗೆದ್ದಲೂ ಬೇಕಿಲ್ಲ. ಇನ್ನು ಒಪ್ಪಿಗೆಯ ನಿಯಮವು ಸತ್ತವರ ವಿಷಯದಲ್ಲಿ ಯಾರನ್ನು ಕೇಳಬೇಕು? ಪಕ್ಷವನ್ನೇ? ಲಾಭ ಪಡೆಯುವವರೇ ಅನುಮತಿ ಕೊಡುವವರಾದರೆ ಅದು ಅನುಮತಿಯಾಗದು.

ಕಾವ್ಯವೂ ಇದನ್ನೇ ಮಾಡಿದೆಯಲ್ಲವೆ ಎಂಬ ಆಕ್ಷೇಪ ಸಹಜ. ಪಂಪನು ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ, ಪುರಾಣಪುರುಷರ ಬಾಯಲ್ಲಿ ತನ್ನ ಮಾತುಗಳನ್ನಾಡಿಸಿದ. ಆದರೆ ಪಂಪ ತನ್ನ ಹೆಸರನ್ನು ಮರೆಮಾಚಲಿಲ್ಲ, ಉದ್ದೇಶವನ್ನೂ ಮರೆಮಾಚಲಿಲ್ಲ. ಕೇಳುಗನಿಗೆ ಅದು ಪಂಪನ ಕರ್ಣ, ಪಂಪನ ಅರ್ಜುನ. ಹೊಗಳಿಕೆಯೂ ತೆಗಳಿಕೆಯೂ ಸಾವಿರ ವರ್ಷಗಳ ನಂತರವೂ ಪಂಪನಿಗೇ ಸಲ್ಲುತ್ತಿವೆ. ತೆರೆಯ ಮೇಲಿನ ಕರುಣಾನಿಧಿ ಯಾರ ಕರುಣಾನಿಧಿ? ಆ ವಾಕ್ಯಗಳನ್ನು ಬರೆದವರ ಹೆಸರನ್ನು ಸಭೆಯಲ್ಲಿದ್ದವರು ಕೇಳಿರಲಾರರು.

ಪ್ರಜಾಪ್ರಭುತ್ವದಲ್ಲಿ ನಾಯಕನ ಮಾತಿಗೆ ಬೆಲೆ ಬರುವುದು ಆತನ ಕಂಠದಿಂದಲ್ಲ, ಮರುದಿನ ಆತನನ್ನು ನಿಲ್ಲಿಸಿ ಪ್ರಶ್ನಿಸಬಹುದೆಂಬ ಭರವಸೆಯಿಂದ. ಸತ್ತವರ ಧ್ವನಿ ಮತವನ್ನು ಕೇಳುತ್ತದೆ, ಉತ್ತರವನ್ನು ಕೊಡುವುದಿಲ್ಲ. ಆದುದರಿಂದ ಬದುಕಿದ್ದಾಗ ಸ್ಪಷ್ಟವಾಗಿ ಒಪ್ಪಿಗೆ ನೀಡದ ಮೃತರ ರೂಪವನ್ನೂ ಧ್ವನಿಯನ್ನೂ ಚುನಾವಣಾ ಪ್ರಚಾರದಲ್ಲಿ ಬಳಸುವುದನ್ನು ನೇರವಾಗಿಯೇ ನಿಷೇಧಿಸಬೇಕು. ಅಲ್ಲಿಯವರೆಗೆ ಮತದಾರನಿಗೆ ಪಠ್ಯಸಂಪಾದಕನ ಹಳೆಯ ಎಚ್ಚರವೇ ಆಸರೆ: ಮಾತು ಎಷ್ಟು ಚೆನ್ನಾಗಿದೆಯೆಂದು ಮೆಚ್ಚುವ ಮೊದಲು, ಅದು ಯಾರದೆಂದು ಕೇಳುವುದು.