ಕೇಳುವ ಕಿವಿ, ನೋಡುವ ಕಣ್ಣು, ಮತ ನೀಡುವ ಕೈ



ಈ ತಿಂಗಳು ನಮ್ಮ ಕೈಸೇರಿದ ಪತ್ರಗಳಲ್ಲಿ ಒಂದು, ಪದವಿ ತರಗತಿಯಲ್ಲಿ ಓದುತ್ತಿರುವ ಒಬ್ಬ ತರುಣನದು. ಅವನ ಹೆಸರನ್ನೂ ಊರನ್ನೂ ಇಲ್ಲಿ ಕಾಣಿಸುವುದು ಉಚಿತವಲ್ಲ. ಹಾಡೆಂದರೆ ಆತನಿಗೆ ಪ್ರಾಣ. ಹೊಸ ಚಿತ್ರ ಬಂದರೆ ಅದರ ಹಾಡುಗಳನ್ನೆಲ್ಲ ಕೇಳಿ, ಯಾವುದು ಚೆನ್ನ, ಯಾವುದು ಸಪ್ಪೆ ಎಂದು ಗೆಳೆಯರೊಡನೆ ವಾದಿಸುವವನು. ಅವನು ಮೂರು ಮಾತು ಕೇಳಿದ್ದಾನೆ. "ನಾನು ಕೇಳುವ ಹಾಡನ್ನು ನಮ್ಮ ತಂದೆಯವರು ಗದ್ದಲವೆನ್ನುತ್ತಾರೆ, ಅದು ನಿಜವೆ? ನಾನೊಬ್ಬ ನಟರ ಅಭಿಮಾನಿ ಸಂಘಕ್ಕೆ ಸೇರಿದ್ದೇನೆ, ಅವ್ವ ರಾತ್ರಿಯೆಲ್ಲ ನಿದ್ದೆಗೆಟ್ಟು ಕಾಯುತ್ತಾಳೆ, ಅಭಿಮಾನ ತಪ್ಪೆ? ನಾನು ಮೆಚ್ಚಿದ ಗಾಯಕರು ಚುನಾವಣೆಯಲ್ಲಿ ನನಗೆ ಒಪ್ಪಿಗೆಯಿಲ್ಲದ ಪಕ್ಷಕ್ಕಾಗಿ ಹಾಡಿದರು. ಇನ್ನು ಅವರ ಹಾಡು ಕೇಳಬೇಕೆ, ಬಿಡಬೇಕೆ?"

ಇವು ಒಬ್ಬ ಹುಡುಗನ ಪ್ರಶ್ನೆಗಳಲ್ಲ. ಮನೆಮನೆಯಲ್ಲೂ ಇವೇ ಪ್ರಶ್ನೆಗಳು ಕೆಲವೆಡೆ ಮಾತಾಗಿ, ಕೆಲವೆಡೆ ಮುನಿಸಾಗಿ, ಕೆಲವೆಡೆ ಧಡಾರನೆ ಮುಚ್ಚಿದ ಬಾಗಿಲಾಗಿ ಇರುತ್ತವೆ. ಆದಕಾರಣ ಉತ್ತರವನ್ನು ಆ ತರುಣನಿಗೂ ಅವನ ತಂದೆತಾಯಿಗಳಿಗೂ ಕೂಡಿಯೇ ಬರೆಯುತ್ತಿದ್ದೇವೆ.

ಮೊದಲು ಹಾಡಿನ ಮಾತು. ಹೊಸದನ್ನು ಗದ್ದಲವೆಂದು ಜರೆಯುವುದು ಹೊಸ ಸಂಗತಿಯೇನಲ್ಲ. ಇಂದು ಭಜನೆಯ ಮನೆಗಳಲ್ಲೆಲ್ಲ ಕೇಳಿಬರುವ ಹಾರ್ಮೋನಿಯಂ ಪೆಟ್ಟಿಗೆಯನ್ನೇ ನೋಡಿರಿ. ಅದು ಪರದೇಶದ್ದು, ನಮ್ಮ ಶ್ರುತಿಗಳ ಸೂಕ್ಷ್ಮ ಅದರ ಮನೆಗಳಲ್ಲಿ ಹಿಡಿಯದು ಎಂಬ ಕಾರಣದಿಂದ 1940ರಲ್ಲಿ ಆಕಾಶವಾಣಿಯು ಅದನ್ನು ಹೊರಗಿಟ್ಟಿತು. ಮತ್ತೆ ಬಾಗಿಲು ತೆರೆಯತೊಡಗಿದ್ದು 1971ರಲ್ಲಿ. ಆ ಮೂವತ್ತು ವರ್ಷ ಹಳ್ಳಿಯ ಭಜನಾ ಮೇಳಗಳು ಹಾರ್ಮೋನಿಯಂ ಬಿಟ್ಟವೆ? ಬಿಡಲಿಲ್ಲ. ನಾಟಕ ಕಂಪನಿಗಳು ಬಿಟ್ಟವೆ? ಅವೂ ಬಿಡಲಿಲ್ಲ.

ಇನ್ನೊಂದು ಪ್ರಸಂಗವನ್ನು ತಂದೆಯರು ವಿಶೇಷವಾಗಿ ಗಮನಿಸಬೇಕು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತವನ್ನು ಬಲ್ಲವರು. ಸಿನಿಮಾ ಹಾಡು ಜನರ ರುಚಿಯನ್ನು ಕೆಡಿಸುತ್ತದೆಂಬುದು ಅವರ ದೃಢವಾದ ನಂಬಿಕೆ. ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಮರೆಯಾಯಿತು. ಪರಿಣಾಮವೇನಾಯಿತು? ಜನ ರೇಡಿಯೋದ ಕಿವಿ ತಿರುವಿ ರೇಡಿಯೋ ಸಿಲೋನ್ ಹಿಡಿದರು. ಕೊನೆಗೆ ಸರಕಾರವೇ ಮಣಿದು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಆದರೆ ಕೇಸ್ಕರರ ಉದ್ದೇಶವೆಲ್ಲ ವ್ಯರ್ಥವಾಯಿತೆಂದು ಹೇಳಲಾಗದು. ಅರಮನೆಗಳ ಆಶ್ರಯ ತಪ್ಪಿದ್ದ ಆ ಕಾಲದಲ್ಲಿ ಅನೇಕ ಶಾಸ್ತ್ರೀಯ ಕಲಾವಿದರಿಗೆ ಆಕಾಶವಾಣಿ ಅನ್ನವನ್ನೂ ಗೌರವವನ್ನೂ ಕೊಟ್ಟಿತು. ನಮ್ಮ ಧಾರವಾಡದ ಕೇಂದ್ರದಲ್ಲಿ ಮಲ್ಲಿಕಾರ್ಜುನ ಮನಸೂರರಂಥವರು ಸಂಗೀತ ಸಲಹೆಗಾರರಾಗಿದ್ದುದನ್ನು ಹಿರಿಯರು ಬಲ್ಲರು. ಇದರಿಂದ ತಿಳಿಯುವುದಿಷ್ಟು: ಒಳ್ಳೆಯದನ್ನು ಉಣಬಡಿಸಿದ್ದು ಫಲಿಸಿತು, ಬೇಡವಾದದ್ದನ್ನು ಕಸಿದುಕೊಂಡದ್ದು ಫಲಿಸಲಿಲ್ಲ. ಮಗನ ಕೈಯೊಳಗಿನ ಮೊಬೈಲನ್ನು ಕಸಿಯುವ ತಂದೆಯು, ಮಗನ ಕಿವಿ ಮತ್ತೊಂದು ಸಿಲೋನನ್ನು ಹುಡುಕುವುದೆಂಬುದನ್ನು ಮರೆಯಬಾರದು.

ಮತ್ತೂ ಒಂದು ಮಾತು. 1987ರಲ್ಲಿ 'ಪ್ರೇಮಲೋಕ' ಚಿತ್ರ ಬಂದಿತು. ಹಂಸಲೇಖ ಅವರ ಆ ಹಾಡುಗಳು ಹೋಟೆಲುಗಳಲ್ಲಿ, ಬಸ್ಸುಗಳಲ್ಲಿ, ಮದುವೆ ಮಂಟಪಗಳಲ್ಲಿ ಮೊಳಗಿದಾಗ, ಇದೂ ಒಂದು ಸಾಹಿತ್ಯವೆ ಎಂದು ಮೂಗು ಮುರಿದ ಹಿರಿಯರು ಬಹಳ. ಅಂದು ಆ ಹಾಡಿಗೆ ತಲೆದೂಗಿದ ಹುಡುಗರೇ ಇಂದು ಐವತ್ತು ದಾಟಿದ ತಂದೆಯರು. ಇಂದಿನ ಹಾಡನ್ನು ಗದ್ದಲವೆನ್ನುವವರೂ ಅವರೇ. ಅದೇ ಹಂಸಲೇಖರು ಎಂಟು ವರ್ಷಗಳ ತರುವಾಯ ಮಾಡಿದ ಕೆಲಸವನ್ನು ನಮ್ಮ ಓದುಗರು ಮರೆತಿರಲಾರರು. 1995ರ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರದ ಸಂಗೀತಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಅದೇ ಚಿತ್ರದಲ್ಲಿ ಹಾಡಿದ್ದಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಶ್ರೇಷ್ಠ ಗಾಯಕ ಪ್ರಶಸ್ತಿ ಸಂದಿತು. ತೆಲುಗು ಮನೆಮಾತಿನ ಗಾಯಕರು, ಗದುಗಿನ ಅಂಧ ಗವಾಯಿಗಳ ಕಥೆಯಲ್ಲಿ ಹಿಂದುಸ್ತಾನಿ ಚೀಜನ್ನು ಹಾಡಿ ದೇಶದ ಮನ್ನಣೆ ಪಡೆದರು. ಆದ್ದರಿಂದ ಸಿನಿಮಾದ್ದು ಎಂದ ಮಾತ್ರಕ್ಕೆ ಹಾಡು ಹಗುರವಾಗದು. ಹಳೆಯದು ಎಂದ ಮಾತ್ರಕ್ಕೆ ಘನವೂ ಆಗದು.

ಚಿರಂಜೀವಿಯೆ, ಇಷ್ಟು ಹೇಳಿದೆವೆಂದು ನೀನು ಕೇಳುವುದೆಲ್ಲವೂ ಒಳ್ಳೆಯದೆಂದು ತಿಳಿಯಬೇಡ. ಹಾಡನ್ನು ಅಳೆಯಲು ಒಂದು ಸುಲಭವಾದ ಉಪಾಯವುಂಟು. ವಾದ್ಯಗಳನ್ನೆಲ್ಲ ಬದಿಗಿರಿಸಿ, ಬರಿಯ ಕಂಠದಿಂದ ಒಮ್ಮೆ ಹಾಡಿ ನೋಡು. ಏನಾದರೂ ಉಳಿದರೆ ಅದು ಹಾಡು. ಏನೂ ಉಳಿಯದಿದ್ದರೆ ಕೇವಲ ಶಬ್ದ. ಬಳಿಕ ಅದರ ಮಾತುಗಳನ್ನು ನಿನ್ನ ತಂಗಿಯ ಎದುರಿಗೆ ನಿಧಾನವಾಗಿ ಓದಿ ನೋಡು. ಓದಲು ನಾಲಗೆ ಹಿಂಜರಿದರೆ, ರಾಗದ ಮರೆಯಲ್ಲಿ ನಿನ್ನೊಳಗೆ ಏನು ನುಸುಳುತ್ತಿತ್ತೆಂಬುದು ನಿನಗೇ ತಿಳಿಯುವುದು. ಈ ಪರೀಕ್ಷೆಯನ್ನು ತಂದೆಯವರು ಮೆಚ್ಚಿದ ಹಳೆಯ ಹಾಡುಗಳಿಗೂ ಹಚ್ಚಬಹುದು. ಅಲ್ಲಿಯೂ ಜೊಳ್ಳು ಕಡಿಮೆಯೇನಿಲ್ಲ.

ಇನ್ನು ಸಿನಿಮಾ ಮತ್ತು ಅಭಿಮಾನ. ಇಲ್ಲಿ ನಮ್ಮ ಮನಸ್ಸು ಭಾರವಾಗುತ್ತದೆ.

ಗದಗ ಜಿಲ್ಲೆಯ ಹೆಸರೆತ್ತಿದರೆ ನಾಡಿನ ಜನರಿಗೆ ನೆನಪಾಗುವುದು ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರ ಶಿವಯೋಗಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ 2010ರಲ್ಲಿ ಲಿಂಗೈಕ್ಯರಾಗುವವರೆಗೆ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನೇ ಕಣ್ಣಾಗಿಸಿ ಕೊಟ್ಟ ನೆಲವದು. ಆಶ್ರಮವು ನಾಟಕ ಸಂಘವನ್ನೂ ನಡೆಸಿತು. ರಂಗದ ಮೇಲಿನ ಬಣ್ಣವು ಮಕ್ಕಳ ದಾಸೋಹಕ್ಕೆ ಆಧಾರವಾಯಿತು. ಕಲೆಯನ್ನು ಜನ ಮೆಚ್ಚಿದರು. ಆ ಮೆಚ್ಚುಗೆ ಅನ್ನವಾಗಿ ಹಸಿದವರ ಎಲೆಗೆ ಬಂದಿತು.

ಅದೇ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿ ಗ್ರಾಮದಲ್ಲಿ 2024ರ ಜನವರಿ 8ರಂದು ಮೂವರು ಯುವಕರು ಪ್ರಾಣ ಕಳೆದುಕೊಂಡರು. ತಾವು ಮೆಚ್ಚಿದ ನಟರ ಹುಟ್ಟುಹಬ್ಬಕ್ಕೆಂದು ರಾತ್ರಿಯಲ್ಲಿ ದೊಡ್ಡ ಕಟೌಟ್ ನಿಲ್ಲಿಸುತ್ತಿದ್ದರು. ಅದು ವಿದ್ಯುತ್ ತಂತಿಗೆ ತಗುಲಿತು. ಮೂವರು ಹೋದರು, ಜೊತೆಗಿದ್ದವರು ಗಾಯಗೊಂಡರು. ಆ ನಟರು ತಾವೇ ಗ್ರಾಮಕ್ಕೆ ಬಂದು ಶೋಕತಪ್ತ ಕುಟುಂಬಗಳನ್ನು ಕಂಡರು, ಇಂಥ ಅಭಿಮಾನ ಬೇಡವೆಂದು ಬೇಡಿಕೊಂಡರು. ಅವರನ್ನು ದೂಷಿಸಲು ನಮಗೆ ಕಾರಣವಿಲ್ಲ. ಸತ್ತ ಮಕ್ಕಳನ್ನು ದೂಷಿಸಲು ನಮಗೆ ಬಾಯಿ ಬಾರದು. ಆದರೆ ಅವರ ತಾಯಂದಿರು ಇಂದಿಗೂ ಆ ಊರಿನಲ್ಲಿ ಬೆಳಗಾಗೆದ್ದು ಅಂಗಳ ಸಾರಿಸಬೇಕು, ರೊಟ್ಟಿ ಬಡಿಯಬೇಕು.

ತಮ್ಮಾ, ಅಭಿಮಾನ ತಪ್ಪೆ ಎಂದು ಕೇಳಿದೆಯಲ್ಲ, ತಪ್ಪಲ್ಲ. ಕಲಾವಿದನನ್ನು ಮೆಚ್ಚುವವನೇ ಇಲ್ಲದಿದ್ದರೆ ಕಲೆ ಬದುಕುವುದು ಎಂತು? ಆದರೆ ಮೆಚ್ಚುಗೆಗೂ ಆರಾಧನೆಗೂ ಅಂತರವುಂಟು. ಮೆಚ್ಚಿದವನು ಚಿತ್ರ ನೋಡಿ, ಚೆನ್ನಾಗಿದ್ದರೆ ಚೆನ್ನಾಗಿದೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಬಲ್ಲ. ಆರಾಧಕನು ಹಾಗೆ ಹೇಳಲಾರ. ಹೇಳಿದವನ ಮೇಲೆ ಕೈಮಾಡುತ್ತಾನೆ. ನಿಮ್ಮ ಸಂಘದಲ್ಲಿ ಎದ್ದುನಿಂತು "ಈ ಸಲದ ಚಿತ್ರ ಸಪ್ಪೆಯಾಯಿತು" ಎಂದು ಹೇಳಿ ನೋಡು. ಗೆಳೆಯರು ನಕ್ಕು ವಾದಿಸಿದರೆ ಅದು ರಸಿಕರ ಕೂಟ, ಅಲ್ಲಿಯೇ ಇರು. ಮುಖ ಗಂಟಿಕ್ಕಿ ಮುಷ್ಟಿ ಬಿಗಿದರೆ, ಅಲ್ಲಿಂದ ಮೆಲ್ಲನೆ ಎದ್ದು ಮನೆಗೆ ಬಾ; ಅವ್ವ ಕಾಯುತ್ತಿದ್ದಾಳೆ. ಆ ಸಂಘವು ರಕ್ತದಾನ ಮಾಡುವುದಾದರೆ, ಶಾಲೆಗೆ ಪುಸ್ತಕ ಕೊಡುವುದಾದರೆ ನೀನು ಮುಂದಾಳಾಗು. ಕತ್ತಲಲ್ಲಿ ಕಂಬ ಹತ್ತುವ ಕೆಲಸಕ್ಕೆ ಮಾತ್ರ ಹೋಗಲಾರೆನೆಂದು ಸ್ಪಷ್ಟವಾಗಿ ಹೇಳು. ನಿನ್ನನ್ನು ಹೇಡಿಯೆಂದಾರು, ಎನ್ನಲಿ.

ಕಡೆಯದು ರಾಜಕಾರಣ. ಹಾಡಿಗೂ ರಾಜಕಾರಣಕ್ಕೂ ಸಂಬಂಧವಿರಬಾರದೆಂದು ಹೇಳುವವರುಂಟು. ಅದು ಆಗದ ಮಾತು. ಸ್ವಾತಂತ್ರ್ಯದ ಹೋರಾಟವು ಹಾಡಿಕೊಂಡೇ ನಡೆಯಿತು. 1979ರಲ್ಲಿ ಹುಟ್ಟಿದ ಬಂಡಾಯ ಸಾಹಿತ್ಯ ಸಂಘಟನೆಯ ಕಾಲದಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳು ಊರ ಹೊರಗಿನ ಕೇರಿಗಳ ನೋವನ್ನು ನಗರದ ಸಭಾಭವನಗಳಿಗೆ ತಂದು ನಿಲ್ಲಿಸಿದವು. ಕನ್ನಡಕ್ಕೆ ಪ್ರೌಢಶಾಲೆಯಲ್ಲಿ ಏಕೈಕ ಪ್ರಥಮ ಭಾಷೆಯ ಸ್ಥಾನ ದೊರೆಯಲೆಂದು ವಿನಾಯಕ ಕೃಷ್ಣ ಗೋಕಾಕರ ಸಮಿತಿಯು 1981ರಲ್ಲಿ ವರದಿ ಕೊಟ್ಟಿತು. ಅದರ ಜಾರಿಗಾಗಿ 1982ರಲ್ಲಿ ಡಾ. ರಾಜಕುಮಾರರು ಬೀದಿಗಿಳಿದಾಗ ಜನಸಾಗರವೇ ಅವರ ಹಿಂದೆ ನಡೆಯಿತು. ತಮಿಳುನಾಡಿನಲ್ಲಿ ಎಂ. ಜಿ. ರಾಮಚಂದ್ರನ್ 1977ರಲ್ಲಿಯೇ ಮುಖ್ಯಮಂತ್ರಿಗಳಾಗಿದ್ದರು. ಆಂಧ್ರದಲ್ಲಿ ಎನ್. ಟಿ. ರಾಮರಾವ್ 1982ರಲ್ಲಿ ಪಕ್ಷ ಕಟ್ಟಿ 1983ರಲ್ಲಿ ಮುಖ್ಯಮಂತ್ರಿಗಳಾದರು. ನಮ್ಮ ರಾಜಕುಮಾರರಿಗೂ ಅಂಥದೇ ಅವಕಾಶ ಎದುರಿಗಿತ್ತು. ಅವರು ಚುನಾವಣೆಗೆ ನಿಲ್ಲಲಿಲ್ಲ, ಪಕ್ಷ ಕಟ್ಟಲಿಲ್ಲ. ಹೋರಾಟ ಮುಗಿದ ಮೇಲೆ ಮರಳಿ ಅಭಿನಯಕ್ಕೂ ಹಾಡಿಗೂ ಬಂದರು. 1992ರ 'ಜೀವನ ಚೈತ್ರ' ಚಿತ್ರದ ಗಾಯನಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ರಾಜಕೀಯಕ್ಕೆ ಹೋದವರೆಲ್ಲ ಕೆಟ್ಟರೆಂದು ನಾವು ಹೇಳುವುದಿಲ್ಲ. ದೊರೆಯಬಹುದಾದುದನ್ನು ಬಿಡುವುದರಲ್ಲಿಯೂ ಒಂದು ಘನತೆಯಿದೆ ಎಂದಷ್ಟೇ ಹೇಳುತ್ತೇವೆ.

ಹಾಡು ಸರಕಾರದ ಕಡತವನ್ನೂ ಏರುತ್ತದೆ. ಕುವೆಂಪು ಅವರ ಗೀತೆಯು 2004ರಲ್ಲಿ ನಾಡಗೀತೆಯಾಯಿತು; ಆದರೆ ಯಾರ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ಮುಗಿಯಲಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಸರಕಾರ ಆದೇಶಿಸಿದ್ದು 2022ರಲ್ಲಿ. ಸಿ. ಅಶ್ವತ್ಥರ ಧಾಟಿಯನ್ನು ಮೆಚ್ಚಿದವರೂ ಅನೇಕರಿದ್ದರು. ಇಂಥ ಜಗಳ ನಮಗೆ ಪ್ರಿಯವೇ. ಹಾಡಿನ ಬಗೆಗೆ ಜನ ವಾದಿಸುವ ನಾಡಿನಲ್ಲಿ ಕಿವಿ ಇನ್ನೂ ಜೀವಂತವಾಗಿದೆ ಎಂದು ಅರ್ಥ.

ವಾದ ಬೇರೆ, ಬೆದರಿಕೆ ಬೇರೆ. 2025ರ ಮೇ ತಿಂಗಳಲ್ಲಿ ನಟ ಕಮಲ್ ಹಾಸನ್ ಅವರು ಕನ್ನಡವು ತಮಿಳಿನಿಂದ ಹುಟ್ಟಿತೆಂಬ ಅರ್ಥದ ಮಾತನಾಡಿದಾಗ ನಾಡು ಕೆರಳಿತು. ಕೆರಳಿದ್ದು ಸಹಜ. ಎರಡೂ ಒಂದೇ ದ್ರಾವಿಡ ಮೂಲದಿಂದ ಕವಲೊಡೆದ ಸೋದರ ಭಾಷೆಗಳೆಂಬುದು ಭಾಷಾಶಾಸ್ತ್ರಜ್ಞರ ಮತ. ಅದನ್ನು ತಿಳಿದು, ತಿಳಿಯಹೇಳುವುದು ನಮ್ಮ ಉತ್ತರವಾಗಬೇಕಿತ್ತು. ಚಿತ್ರವನ್ನೇ ತಡೆಯುವ ಮಾತು ಬಂದಾಗ, ಪ್ರಮಾಣಪತ್ರ ಪಡೆದ ಚಿತ್ರವನ್ನು ಗುಂಪಿನ ಭಯದಿಂದ ನಿಲ್ಲಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಅದೇ ಜೂನಿನಲ್ಲಿ ಹೇಳಬೇಕಾಯಿತು. ಮಾತಿಗೆ ಮಾತೇ ಮದ್ದು.

ಈಗ ನಿನ್ನ ಗಾಯಕರ ವಿಷಯ. ಅವರ ಹಾಡನ್ನು ಕೇಳು, ಬಿಡುವ ಅಗತ್ಯವಿಲ್ಲ. ಕಂಠವು ದೇವರಿತ್ತದ್ದು, ಪಕ್ಷವು ಅವರು ಆರಿಸಿಕೊಂಡದ್ದು. ಮೊದಲನೆಯದಕ್ಕೆ ತಲೆದೂಗಿ, ಎರಡನೆಯದಕ್ಕೆ ತಲೆಯಲ್ಲಾಡಿಸುವ ಹಕ್ಕು ನಿನಗಿದೆ. ಆದರೆ ಅವರು ಹಾಡಿದ ಆ ಚುನಾವಣೆಯ ಗೀತೆಯನ್ನು ಒಂದು ಹಾಳೆಯ ಮೇಲೆ ಬರೆ. ರಾಗ ತೆಗೆದುಹಾಕಿ ಅರ್ಜಿಯನ್ನು ಓದುವಂತೆ ಓದು. ಕುಡಿಯುವ ನೀರು, ಹಾಸ್ಟೆಲು, ಬೆಳೆಯ ಬೆಲೆ, ನಿನ್ನ ಓದು ಮುಗಿದ ಮೇಲಿನ ಕೆಲಸ, ಇವುಗಳಲ್ಲಿ ಯಾವುದರ ಮಾತಾದರೂ ಇದೆಯೆ? ಅಥವಾ ನಾಯಕರ ಹೆಸರೊಂದೇ ಹತ್ತಾರು ಸಲ ಬಂದು ಹೋಗಿದೆಯೆ? ನೀನು ಮತ ಹಾಕಬೇಕೆಂದಿರುವ ಪಕ್ಷದ ಹಾಡಿಗೂ ಇದೇ ಪರೀಕ್ಷೆ ನಡೆಯಲಿ. ಅಲ್ಲಿ ಮಾತ್ರ ರಿಯಾಯಿತಿ ಕೊಡಬೇಡ.

1989ರ ಮಾರ್ಚಿನವರೆಗೆ ಇಪ್ಪತ್ತೊಂದು ತುಂಬದವರಿಗೆ ಈ ದೇಶದಲ್ಲಿ ಮತವಿರಲಿಲ್ಲ. ಹದಿನೆಂಟಕ್ಕೇ ವಿವೇಕ ಬಂದಿರುತ್ತದೆಂದು ನಂಬಿ ಸಂವಿಧಾನವನ್ನೇ ತಿದ್ದಿದರು. ಆ ನಂಬಿಕೆಗೆ ನೀನು ತಕ್ಕವನಾಗಬೇಕು. ಕಿವಿಯನ್ನು ಹಾಡಿಗೆ ಕೊಡು, ಕಣ್ಣನ್ನು ಚಿತ್ರಕ್ಕೆ ಕೊಡು. ಮತ ನೀಡುವ ಕೈಯನ್ನು ಇವೆರಡರ ವಶಕ್ಕೆ ಒಪ್ಪಿಸಬೇಡ.

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ವಾರಕ್ಕೊಮ್ಮೆ, ಸೋಮವಾರದ ಪೂಜೆ ಪ್ರಸಾದಗಳ ತರುವಾಯ ಒಂದು ಗಂಟೆ ಎಲ್ಲರೂ ಕೂಡಿ ಕುಳಿತುಕೊಳ್ಳಿರಿ. ಮಗ ಒಂದು ಹೊಸ ಹಾಡು ಕೇಳಿಸಲಿ. ತಂದೆ ತನ್ನ ಕಾಲದ್ದೊಂದು ಕೇಳಿಸಲಿ. ಅವ್ವ ಬೀಸುವ ಪದವೊಂದನ್ನು ಹಾಡಲಿ. ಯಾರೂ ನಡುವೆ ಬಾಯಿ ಹಾಕದೆ ಪೂರ್ತಿ ಕೇಳುವುದೊಂದೇ ನೇಮ. ಕೇಳಿದ ಮೇಲೆ ಹಿಡಿಸಿತೆಂದೋ ಹಿಡಿಸಲಿಲ್ಲವೆಂದೋ ಕಾರಣ ಕೊಟ್ಟು ಹೇಳಿರಿ. ಮನೆಯಲ್ಲಿ ಕಾರಣ ಹೇಳಲು ಕಲಿತ ಮಗ ಸಂಘದಲ್ಲಿಯೂ ಹೇಳಬಲ್ಲ, ಮತಗಟ್ಟೆಯಲ್ಲಿಯೂ ನೆನೆಯಬಲ್ಲ. ಮನೆಯಲ್ಲಿ ಬೈಗುಳವನ್ನಷ್ಟೇ ಕೇಳಿದ ಮಗ, ತನ್ನನ್ನು ಹೊಗಳುವವರ ಗುಂಪನ್ನು ಹುಡುಕಿಕೊಂಡು ಹೊರಗೆ ಹೋಗುತ್ತಾನೆ. ಆ ಗುಂಪು ಅವನನ್ನು ಎತ್ತ ಒಯ್ಯುವುದೋ ಬಲ್ಲವರಾರು?