ಮಿಷನ್ನು ಹೇಳ್ತಂತೆ

ಮದ್ದೂರಿನಲ್ಲಿರುವ ನನ್ನ ತಂಗಿಯ ಮಗ ಇಂಜಿನಿಯರಿಂಗ್ ಓದುತ್ತಾನೆ. ಓದುವುದಕ್ಕಿಂತ ಕಂಪ್ಯೂಟರಿನಲ್ಲಿ ಆಡುವುದೇ ಹೆಚ್ಚು ಎಂಬುದು ಅವನ ಅಮ್ಮನ ದೂರು. ಕಳೆದ ಬೇಸಿಗೆಯಲ್ಲಿ ನಾನು ಮಂಡ್ಯದಿಂದ ಅವರ ಮನೆಗೆ ಹೋಗಿ ನಾಲ್ಕು ದಿನ ಇದ್ದೆ. ಊಟಕ್ಕೆ ಕೂತಾಗಲೂ ಅವನು ಫೋನಿನಲ್ಲಿ ಗೆಳೆಯನ ಜೊತೆ ಜಗಳಕ್ಕೆ ನಿಂತಿದ್ದ. ಗೋಡೆ, ಗೋಡೆಯ ಆಚೆ ಕಡೆಯವರು, ಯಾರು ಯಾರನ್ನು ಒಳಗೆ ಬಿಟ್ಟರು... ಯಾರದೋ ಸೈಟಿನ ಕಾಂಪೌಂಡು ತಕರಾರು ಇರಬೇಕೆಂದುಕೊಂಡೆ.

"ಅಯ್ಯೋ, ಅದು ಆಟ ದೊಡ್ಡಮ್ಮ" ಎಂದು ನಕ್ಕ. ಆಮೇಲೆ ಕೂರಿಸಿಕೊಂಡು ವಿವರಿಸಿದ.

ಆಟದ ಹೆಸರು ಸೈಬರ್‌ಪಂಕ್. 1988ರಲ್ಲಿ ಅಮೆರಿಕದ ಮೈಕ್ ಪಾಂಡ್‌ಸ್ಮಿತ್ ಎಂಬಾತ ಹೊರತಂದದ್ದು. ಮೇಜಿನ ಸುತ್ತ ಕೂತು, ತಲಾ ಒಂದು ಪಾತ್ರ ವಹಿಸಿಕೊಂಡು, ದಾಳ ಹಾಕುತ್ತಾ ಕಥೆ ಬೆಳೆಸುವ ಆಟ ಅದು. 2020ರಲ್ಲಿ ಪೋಲೆಂಡಿನ ಕಂಪನಿಯೊಂದು ಅದನ್ನು ಕಂಪ್ಯೂಟರಿಗೆ ತಂದಿತು. ಕಥೆ ನಡೆಯುವ ಕಾಲದಲ್ಲಿ ಸರ್ಕಾರಗಳಿಗಿಂತ ಕಂಪನಿಗಳೇ ದೊಡ್ಡವು. ಯಾರೋ ಒಬ್ಬ ಹಳೆಯ ಕಂಪ್ಯೂಟರ್ ಜಾಲವನ್ನೆಲ್ಲ ಹಾಳುಗೆಡವಿದ್ದಾನೆ. ಅಲ್ಲೀಗ ಅಂಕೆ ತಪ್ಪಿದ ಕೃತಕ ಬುದ್ಧಿಗಳು ಅಲೆಯುತ್ತಿವೆ. ಅವು ಊರೊಳಗೆ ಬಾರದಂತೆ 'ಬ್ಲ್ಯಾಕ್‌ವಾಲ್' ಎಂಬ ಗೋಡೆ ಎಬ್ಬಿಸಿದ್ದಾರೆ. ಇಟ್ಟಿಗೆಯ ಗೋಡೆಯಲ್ಲ, ಅದೂ ಒಂದು ಪ್ರೋಗ್ರಾಮು.

ಹುಡುಗರ ಜಗಳವೆಲ್ಲ ಇದರ ಸುತ್ತಲೇ. ಒಬ್ಬ, ಆ ಗೋಡೆಯೇ ಒಂದು ಕೃತಕ ಬುದ್ಧಿ, ಅದು ಕಾಯುವುದು ನಮ್ಮನ್ನಲ್ಲ ಎನ್ನುತ್ತಾನೆ. ಇನ್ನೊಬ್ಬ, ಆಚೆಯವು ಆಗಲೇ ಒಳಗೆ ಬಂದಿವೆ, ಮನುಷ್ಯರ ಮೈಹೊಕ್ಕು ಓಡಾಡುತ್ತಿವೆ ಎನ್ನುತ್ತಾನೆ.

ನನಗೆ ನಗು ಬಂತು. 1990ರ ದಶಕದಲ್ಲಿ ನಮ್ಮ ಊರುಗಳ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿದ್ದುದು ನಿಮಗೂ ನೆನಪಿರಬೇಕು. ರಾತ್ರಿ ಹೊತ್ತು ದೆವ್ವವೊಂದು ಬಂದು ಮನೆಯವರ ದನಿಯಲ್ಲೇ ಕೂಗುತ್ತದೆ, ಓ ಎಂದವರು ಸಾಯುತ್ತಾರೆ ಎಂದು ಸುದ್ದಿ. ಬರೆದದ್ದನ್ನು ಓದಿ, ಪಾಪ, ಅದು ನಾಳೆ ಬರುತ್ತದೆ. ನಾಳೆಯೂ ಅದೇ ಬರೆದಿರುತ್ತದೆ. ನಾನೂ ಸೀಮೆಸುಣ್ಣದಲ್ಲಿ ಬರೆದವಳೇ. ನಮ್ಮ ಆ ಎರಡು ಪದಗಳೇ ಈ ಹುಡುಗರ ಬ್ಲ್ಯಾಕ್‌ವಾಲು.

ಒಂದು ಸಂಗತಿ ಮಾತ್ರ ನನ್ನ ನಗುವನ್ನು ನಿಲ್ಲಿಸಿತು. ನಮ್ಮ ಆ ದೆವ್ವ ಹೆಣ್ಣು. ಇವರ ಗೋಡೆಯ ಆಚೆ ಇರುವವರಲ್ಲಿ ಹೆಸರುವಾಸಿಯಾದದ್ದೂ ಹೆಣ್ಣೇ: ಆಲ್ಟ್ ಕನಿಂಗ್‌ಹ್ಯಾಮ್. ಅವಳು ಬುದ್ಧಿವಂತೆ. ಮನುಷ್ಯರ ಮನಸ್ಸನ್ನು ನಕಲು ಮಾಡಬಲ್ಲ ಪ್ರೋಗ್ರಾಮೊಂದನ್ನು ಬರೆದವಳು. ಕಂಪನಿಯವರು ಅವಳನ್ನು ಅಪಹರಿಸಿ, ಅದನ್ನೇ ಮತ್ತೆ ಬರೆಸಿಕೊಂಡು, ಅವಳ ಮೇಲೆಯೇ ಪ್ರಯೋಗಿಸುತ್ತಾರೆ. ದೇಹ ಸಾಯುತ್ತದೆ, ಬುದ್ಧಿ ಜಾಲದಲ್ಲಿ ಉಳಿಯುತ್ತದೆ. "ಅವಳನ್ನ ನಂಬಬಹುದಾ ಇಲ್ಲವಾ ಅನ್ನೋದೇ ದೊಡ್ಡ ಚರ್ಚೆ ದೊಡ್ಡಮ್ಮ" ಎಂದ ಹುಡುಗ. ಕೊಂದ ಕಂಪನಿಯನ್ನು ನಂಬಬಹುದೇ ಎಂಬ ಚರ್ಚೆ ಇಷ್ಟು ಬಿಸಿಯಾಗಿ ನಡೆದಂತೆ ಕಾಣಲಿಲ್ಲ. ಬಾವಿಗೆ ಬಿದ್ದ ಸೊಸೆಯನ್ನು ದೆವ್ವ ಎನ್ನುವವರು, ಅವಳನ್ನು ಬಾವಿಯವರೆಗೆ ಅಟ್ಟಿದವರ ಹೆಸರೆತ್ತುವುದಿಲ್ಲವಲ್ಲ, ಹಾಗೆ.

ಅದೇ ಆಟದಲ್ಲಿ ಇನ್ನೊಂದು ಪ್ರಸಂಗವಿದೆ. ಮೇಯರ್ ಚುನಾವಣೆಗೆ ನಿಂತವನೊಬ್ಬನ ನೆನಪುಗಳನ್ನು ಯಾರೋ ಗುಟ್ಟಾಗಿ ತಿದ್ದುತ್ತಿರುತ್ತಾರೆ. ಹೆಂಡತಿಗೆ ಗೊತ್ತು, ಗಂಡನಿಗೆ ಗೊತ್ತಿಲ್ಲ. ತಿದ್ದುವವರು ಯಾರು? ಆಟ ಬಿಡಿಸಿ ಹೇಳುವುದಿಲ್ಲ. ಕಂಪನಿ ಇರಬಹುದು ಎನ್ನುವವರು ಕೆಲವರು, ಗೋಡೆಯಾಚೆಯ ಕೃತಕ ಬುದ್ಧಿ ಎನ್ನುವವರು ಕೆಲವರು. ನಮ್ಮ ಹುಡುಗ ಎರಡನೆಯ ಪಕ್ಷ. "ಮನುಷ್ಯರು ಅಂದ್ರೆ ಸಪ್ಪೆ ಆಗ್ಬಿಡುತ್ತೆ" ಎಂದ.

ಈ ಸಪ್ಪೆ ಎಂಬ ಮಾತಿಗೆ ನನ್ನ ತಕರಾರು.

ಮದ್ದೂರಿನಿಂದ ನಾನು ಮಳವಳ್ಳಿ ಕಡೆಯ ಹಳ್ಳಿಗೆ, ನಮ್ಮ ಯಜಮಾನರ ಸೋದರತ್ತೆಯನ್ನು ನೋಡಲು ಹೋದೆ. ಜಗಲಿಯಲ್ಲಿ ಅವರೆಕಾಳು ಹಸನು ಮಾಡುತ್ತಾ ಊರ ಸುದ್ದಿ ಹೇಳುತ್ತಿದ್ದ ಅತ್ತೆ, ಯಾರದೋ ಸೊಸೆಯ ಮಾತು ತೆಗೆದರು. ಮೊದಲೆರಡು ಹೆಣ್ಣು. ಮೂರನೆಯದಕ್ಕೆ ಬಸುರಿಯಾಗಿದ್ದಳು, ಈಗಿಲ್ಲ. "ಯಾಕತ್ತೆ, ಏನಾಯ್ತು?" ಎಂದೆ. ಅವರು ದನಿ ತಗ್ಗಿಸಿ, "ಮಿಷನ್ನು ಹೇಳ್ತಂತೆ ಕಣವ್ವ" ಎಂದರು.

ಆ ಮಾತನ್ನು ನಾಲ್ಕು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಮಿಷನ್ನು ಹೇಳ್ತಂತೆ. ಕರೆದುಕೊಂಡು ಹೋದ ಗಂಡ ಅದರಲ್ಲಿಲ್ಲ. ಸುಮ್ಮನಿದ್ದ ಅತ್ತೆಮಾವ ಇಲ್ಲ. ಕಾಸು ತೆಗೆದುಕೊಂಡವನು ಇಲ್ಲ. ಮಿಷನ್ನು ಹೇಳಿತು, ಕೂಸು ಹೋಯಿತು, ಅಷ್ಟೇ.

ಸ್ಕ್ಯಾನಿಂಗ್ ಯಂತ್ರ ಏನನ್ನೂ ಹೇಳುವುದಿಲ್ಲ. ನಮ್ಮ ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಹೊಟ್ಟೆಯೊಳಗೆ ಕಳಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಚಿತ್ರ ಮೂಡಿಸುತ್ತದೆ. ಕೂಸಿನ ಎದೆ ಬಡಿಯುತ್ತಿದೆಯೇ, ಮಾಸು ಎಲ್ಲಿ ಅಂಟಿದೆ ಎಂದು ತೋರಿಸಿ ಎಷ್ಟೋ ತಾಯಂದಿರನ್ನು ಬದುಕಿಸಿದ ಯಂತ್ರ ಅದು. ಗಂಡೋ ಹೆಣ್ಣೋ ಎಂದು ಕೇಳುವುದು ಮನುಷ್ಯರು. ಹೇಳುವುದು ಮನುಷ್ಯರು. ಹೆಣ್ಣಾದರೆ ಬೇಡ ಎನ್ನುವುದೂ ಮನುಷ್ಯರೇ.

2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಪ್ರಕರಣ ನಮ್ಮ ಮಂಡ್ಯದ ಆಲೆಮನೆಯೊಂದಕ್ಕೆ ಬಂದು ಮುಟ್ಟಿತು. ಕಬ್ಬಿನ ರಸ ಕುದಿಯಬೇಕಾದ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದರಂತೆ. ಮೂರು ವರ್ಷದಲ್ಲಿ ಸುಮಾರು 900 ಭ್ರೂಣ ಎಂದು ಪೊಲೀಸರು ಹೇಳಿದ್ದನ್ನು ಪತ್ರಿಕೆಗಳಲ್ಲಿ ಓದಿದೆವು. ಬೆಲ್ಲದ ಜಿಲ್ಲೆಯವರು ನಾವು ತಲೆತಗ್ಗಿಸಿದೆವು. ಆದರೆ ಎಷ್ಟು ದಿನ? 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ, ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ, ಇಂಥದೇ ಇನ್ನೊಂದು ಪ್ರಕರಣ ಸಿಕ್ಕಿತು.

ಇದನ್ನು ತಡೆಯುವ ಕಾಯಿದೆ ಬಂದದ್ದು 1994ರಲ್ಲಿ, ಜಾರಿಯಾದದ್ದು 1996ರಲ್ಲಿ. 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಎಂಬ ಫಲಕ ಪ್ರತಿ ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಮೇಲೂ ಇದೆ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಿದ್ದರು. ಆ ಫಲಕವೂ ನಮ್ಮ ಪಾಲಿಗೆ ಒಂದು 'ನಾಳೆ ಬಾ' ಆಗಿಹೋಯಿತು. ಅಂದು ಮುಂಬಾಗಿಲಲ್ಲಿ ಇಲ್ಲದ ಹೆಣ್ಣು ದೆವ್ವಕ್ಕೆ ಹೆದರಿ ಸೀಮೆಸುಣ್ಣ ಹಿಡಿದು ನಿಂತಿದ್ದೆವು. ಇರುವ ಹೆಣ್ಣುಕೂಸುಗಳನ್ನು ನಮ್ಮವರೇ ಹಿತ್ತಿಲ ಬಾಗಿಲಿನಿಂದ ಸಾಗಿಸುತ್ತಿದ್ದರು.

"ಅದಕ್ಕೂ ಆಟಕ್ಕೂ ಏನು ಸಂಬಂಧ ದೊಡ್ಡಮ್ಮ? ನಾವು ತಮಾಷೆಗೆ ಊಹೆ ಮಾಡ್ತೀವಿ" ಎಂದು ಹುಡುಗ ಫೋನಿನಲ್ಲಿ ಕೇಳಿದ. ನ್ಯಾಯವಾದ ಮಾತೇ. ಊಹೆ ಮಾಡುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಕಥೆಯನ್ನು ಅಷ್ಟು ಪ್ರೀತಿಯಿಂದ ಬಗೆದು ನೋಡುವವರು ಇಂದು ಎಷ್ಟು ಜನ ಸಿಗುತ್ತಾರೆ? ನನ್ನ ಸಿಟ್ಟು ಆ ಊಹೆ ಹಿಡಿಯುವ ದಾರಿಯ ಮೇಲೆ. ಕೆಟ್ಟದ್ದೇನೇ ನಡೆದರೂ ಕೊನೆಗೆ ಬೆರಳು ಯಂತ್ರದ ಕಡೆಗೇ ತಿರುಗುತ್ತದೆ. ಆಟದಲ್ಲಿ ಅದು ತಮಾಷೆ. ಆದರೆ ಆಟ ಮುಗಿಸಿ ಎದ್ದ ಮೇಲೂ ಆ ಬೆರಳು ಹಾಗೇ ಇರುತ್ತದೆ. ನಾಳೆ ಸಾಲ ಕೊಡಬೇಕೋ ಬೇಡವೋ, ಕೆಲಸ ಯಾರಿಗೆ ಎಂಬುದನ್ನೆಲ್ಲ ಕಂಪ್ಯೂಟರೇ ಹೇಳಿತು ಎಂಬ ಉತ್ತರ ಬಂದಾಗ, ನಾವು "ಹೌದಾ" ಎಂದು ಎದ್ದು ಬರುತ್ತೇವೆ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಯಂತ್ರ ತಿರುಗಿತು. ಕಾವೇರಿಯ ನೀರಿನಿಂದ ಹುಟ್ಟಿದ ಕರೆಂಟು ಸುತ್ತಲ ಹಳ್ಳಿಗಳನ್ನು ದಾಟಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಹಾಗೆಂದು ತೀರ್ಮಾನಿಸಿದ್ದು ಟರ್ಬೈನಲ್ಲ. ತಂತಿ ಯಾವ ಕಡೆ ಎಳೆಯಬೇಕೆಂದು ಹೇಳಿದ ಮನುಷ್ಯರಿದ್ದರು. ಇವತ್ತಿನ ಯಂತ್ರಗಳ ಹಿಂದೆಯೂ ಇದ್ದಾರೆ.

"ಹಂಗಾದ್ರೆ ನಿಮ್ಮ ಥಿಯರಿ ಏನು?" ಎಂದ ಹುಡುಗ.

ನನ್ನದು ಸಪ್ಪೆ ಥಿಯರಿ ಕಣಪ್ಪ ಎಂದೆ. ಗೋಡೆಯ ಆಚೆ ಯಾರೂ ಇಲ್ಲ. ಇರುವವರೆಲ್ಲ ಈಚೆಗೇ ಇದ್ದಾರೆ, ನಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂರುತ್ತಾರೆ.

ಮಳವಳ್ಳಿಯ ಆ ಜಗಲಿಯಲ್ಲಿ ಅತ್ತೆಗೆ ನಾನು ಏನೂ ಹೇಳದೆ ಎದ್ದು ಬಂದೆ. ಹಿರಿಯರು, ಬೇರೆಯವರ ಮನೆ ವಿಷಯ ಎಂದು ನುಂಗಿಕೊಂಡೆ. ಅದು ತಪ್ಪು. ಮುಂದಿನ ಸಲ ಯಾರಾದರೂ ನಿಮ್ಮೆದುರು "ಮಿಷನ್ನು ಹೇಳ್ತಂತೆ" ಎಂದರೆ, ಸುಮ್ಮನೆ ಎದ್ದು ಬರಬೇಡಿ. ಮಿಷನ್ನನ್ನು ಕೇಳಿದವರು ಯಾರು, ಕಾಸು ಕೊಟ್ಟವರು ಯಾರು ಎಂದು ಅಲ್ಲೇ ಕೇಳಿ. ನಾನೂ ಕೇಳುತ್ತೇನೆ.