ಸ್ಟಿಯರಿಂಗ್ ಮಗನ ಕೈಲಿರಲಿ, ಯೋಜನೆ ಅಪ್ಪನ ಕೈಲಿರಲಿ

ಈಗ ಹಳ್ಳಿಗಳಲ್ಲೂ ಅಲ್ಲೊಂದು ಇಲ್ಲೊಂದು ಮನೆಯ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ಅಪ್ಪ ಅಮ್ಮ ವಿಸಿಟರ್ ವೀಸಾದ ಮೇಲೆ ಹೋಗಿ ನಾಲ್ಕೈದು ತಿಂಗಳು ಇದ್ದು ಬರುತ್ತಾರೆ. ಚಳಿಗೆ ಹೆದರಿ ಹೆಚ್ಚಿನವರು ಹೋಗುವುದು ಅಲ್ಲಿಯ ಬೇಸಿಗೆಗೆ. ಮೊಮ್ಮಕ್ಕಳಿಗೆ ಶಾಲೆ ರಜೆ ಇರುವುದೂ ಆಗಲೇ. ಊರಿಂದ ಬಂದ ಹಿರಿಯರನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ ಎಂಬ ಮಾತು ಎದ್ದಾಗ ಬರುವ ಹೆಸರುಗಳಲ್ಲಿ ಒಂದು ಯೆಲ್ಲೋಸ್ಟೋನ್. ಅದರ ಹಿಂದೆಯೇ ಇನ್ನೊಂದು ಆಸೆ: ಆರ್‌ವಿ ಬಾಡಿಗೆಗೆ ತಗೊಳ್ಳೋಣ.

ಆರ್‌ವಿ ಅಂದರೆ ಚಕ್ರದ ಮೇಲಿನ ಮನೆ. ಮಿನಿ ಬಸ್ಸಿನಷ್ಟು ದೊಡ್ಡ ಗಾಡಿ. ಒಳಗೇ ಮಂಚ, ಗ್ಯಾಸ್ ಒಲೆ, ಫ್ರಿಜ್ಜು, ಬಚ್ಚಲು, ಕಕ್ಕಸು ಎಲ್ಲ ಇರುತ್ತವೆ. ಹಗಲು ಓಡಿಸಿಕೊಂಡು ಹೋಗುವುದು, ರಾತ್ರಿ ಅದಕ್ಕೆಂದೇ ಗೊತ್ತು ಮಾಡಿದ ಜಾಗದಲ್ಲಿ ನಿಲ್ಲಿಸಿ ಮಲಗುವುದು. ಸಕ್ಕರೆ ಕಾಯಿಲೆ ಇರುವ, ಗಂಟೆಗೊಮ್ಮೆ ಎದ್ದು ಹೋಗಬೇಕಾದ ಹಿರಿಯರಿಗೆ ಇದು ನಿಜವಾಗಿ ಒಳ್ಳೆಯದು. ಹೊತ್ತಿಗೆ ಸರಿಯಾಗಿ ಬಿಸಿ ಅನ್ನ ಸಾರೂ ಸಿಗುತ್ತದೆ. ಹಾಗಾಗಿ ಆರ್‌ವಿ ಬೇಡ ಎಂದು ನಾನು ಹೇಳುವುದಿಲ್ಲ.

ನಾನು ಹೇಳುವುದು ಇಷ್ಟೇ. ಹೋಗುತ್ತಿರುವುದು ಪ್ರಾಣಿ ನೋಡಲು ಎಂದಾದರೆ, ಆ ಪ್ರವಾಸದ ಯೋಜನೆಯನ್ನು ಲ್ಯಾಪ್‌ಟಾಪ್ ಮುಂದೆ ಕೂತ ಮಗ ಹಾಕಬಾರದು. ದನ, ಕುರಿ ಕಾಯ್ದು ಗೊತ್ತಿರುವ ಅಪ್ಪ ಅಥವಾ ಅಮ್ಮ ಹಾಕಬೇಕು.

ಯಾಕೆಂದರೆ ಅಲ್ಲಿಯ ಜನಸಂದಣಿ ಸಾಮಾನ್ಯದ್ದಲ್ಲ. ಯೆಲ್ಲೋಸ್ಟೋನ್ 1872ರಲ್ಲಿ ಆದದ್ದು, ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಎಂದು ಹೆಸರಾದದ್ದು. ವಿಸ್ತಾರ ಸುಮಾರು 8,980 ಚದರ ಕಿಲೋಮೀಟರ್. ನಮ್ಮ ಹಾಸನ ಜಿಲ್ಲೆಗಿಂತ ದೊಡ್ಡದು. ಅಷ್ಟು ದೊಡ್ಡ ಕಾಡಿನಲ್ಲಿ ಎಲ್ಲರೂ ಸುತ್ತುವ ಮುಖ್ಯ ರಸ್ತೆ ಒಂದೇ. ಇಂಗ್ಲಿಷಿನ ಎಂಟರ ಅಂಕಿಯಂತೆ ತಿರುಗುವ ಈ ರಸ್ತೆ ಸುಮಾರು 229 ಕಿಲೋಮೀಟರ್ ಉದ್ದ. 2021ರಲ್ಲಿ ಅಲ್ಲಿಗೆ 48 ಲಕ್ಷಕ್ಕೂ ಹೆಚ್ಚು ಭೇಟಿಗಳು ದಾಖಲಾದವು. ಆ ವರ್ಷದ ಜುಲೈ ಒಂದೇ ತಿಂಗಳಲ್ಲಿ ಹತ್ತು ಲಕ್ಷ ದಾಟಿತು. ಜಾತ್ರೆಯ ದಿನ ಊರ ಬಾಗಿಲಲ್ಲಿ ಗಾಡಿಗಳು ಹೇಗೆ ಸಿಕ್ಕಿಕೊಳ್ಳುತ್ತವೆಯೋ ಹಾಗೆ. ರಸ್ತೆ ಪಕ್ಕ ಒಂದು ಕರಡಿ ಕಂಡರೆ ಸಾಕು, ಹಿಂದೆ ಉದ್ದಕ್ಕೂ ಸಾಲು ನಿಲ್ಲುತ್ತದೆ. ಅದಕ್ಕೆ ಅಲ್ಲಿಯವರು ಕರಡಿ ಜಾಮ್ ಎಂದೇ ಹೆಸರಿಟ್ಟಿದ್ದಾರೆ.

ಇಂಥ ಕಡೆ ಮಗ ಹಾಕುವ ಯೋಜನೆ ಹೇಗಿರುತ್ತದೆ? ಮೂರು ದಿನ, ಹದಿನೈದು ಜಾಗ. ಬೆಳಿಗ್ಗೆ ಎಲ್ಲರೂ ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಆರ್‌ವಿಯ ನೀರಿನ ಪೈಪು, ಕರೆಂಟಿನ ವೈರು ಬಿಚ್ಚಿ ಸುತ್ತಿಟ್ಟು ಹೊರಡುವ ಹೊತ್ತಿಗೆ ಹತ್ತು ಗಂಟೆ. ಆಗ ರಸ್ತೆ ತುಂಬ ಗಾಡಿ. ಪ್ರಾಣಿಗಳೋ, ಬಿಸಿಲೇರಿತು ಎಂದು ನೆರಳು ಸೇರಿರುತ್ತವೆ. ಚಿಮ್ಮುವ ಬಿಸಿನೀರಿನ ಬುಗ್ಗೆ ನೋಡಲು ಹೋದರೆ ಇಷ್ಟುದ್ದದ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಸಂಜೆ ವಾಪಸು. ದಿನವೆಲ್ಲ ಹಿರಿಯರು ಹಿಂದಿನ ಸೀಟಿನಲ್ಲಿ ಸಾಮಾನಿನ ಜೊತೆ ಸಾಮಾನಾಗಿ ಕೂತು, ಮುಂದಿನ ಕಾರಿನ ಹಿಂಬದಿ ನೋಡಿ ಬಂದಿರುತ್ತಾರೆ.

ಅದೇ ಹಿರಿಯರನ್ನು ಒಂದು ಮಾತು ಕೇಳಿದ್ದರೆ? ಕುರಿ ಕಾಯ್ದವರಿಗೆ ಗೊತ್ತು, ಮೇಯುವ ಪ್ರಾಣಿ ತಂಪು ಹೊತ್ತಿನಲ್ಲಿ ಮೇಯುತ್ತದೆ, ಬಿಸಿಲಲ್ಲಿ ಮಲಗಿ ಮೆಲುಕು ಹಾಕುತ್ತದೆ. ಮೇಯುವುದನ್ನು ಹಿಡಿಯುವ ತೋಳವೂ ಅದೇ ಹೊತ್ತು ನೋಡಿ ಬರುತ್ತದೆ. ಕಾಡಂಚಿನ ಹೊಲ ಕಾಯ್ದವರಿಗೆ ಗೊತ್ತು, ಆನೆ ಬರುವ ದಾರಿ ಯಾವುದು, ಹೊತ್ತು ಯಾವುದು ಎಂದು. ಅವರು ಊರೆಲ್ಲ ಸುತ್ತಿ ಆನೆ ಹುಡುಕುವುದಿಲ್ಲ. ಒಂದು ಕಡೆ ಸದ್ದಿಲ್ಲದೆ ಕೂತು ಕಣ್ಣು ಕಿವಿ ತೆರೆದಿಡುತ್ತಾರೆ. ಯೆಲ್ಲೋಸ್ಟೋನ್‌ನಲ್ಲಿ ಪ್ರಾಣಿ ನೋಡಬೇಕಾದವರಿಗೆ ಅಲ್ಲಿಯ ಅನುಭವಸ್ಥರು ಹೇಳುವುದೂ ಇದನ್ನೇ: ಬೆಳಕು ಹರಿಯುವಾಗ ಹೋಗಿ, ಸಂಜೆ ಹೋಗಿ, ಒಂದೇ ಕಡೆ ನಿಂತು ಕಾಯಿರಿ.

ಕಾಯುವುದಕ್ಕೆ ಎರಡು ಜಾಗ ಮುಖ್ಯ. ಒಂದು, ಈಶಾನ್ಯದ ಲಾಮಾರ್ ಕಣಿವೆ. ಇನ್ನೊಂದು, ನಡುವಿನ ಹೇಡನ್ ಕಣಿವೆ. ಎರಡೂ ದೊಡ್ಡ ಹುಲ್ಲುಗಾವಲು, ದೂರದವರೆಗೂ ಕಣ್ಣು ಹಾಯುತ್ತದೆ. ಬೈಸನ್ ಹಿಂಡುಗಳು ಅಲ್ಲಿ ಮೇಯುತ್ತವೆ. 1902ರ ಹೊತ್ತಿಗೆ ಬೇಟೆಯಿಂದ ಆ ಕಾಡಿನಲ್ಲಿ ಉಳಿದಿದ್ದ ಬೈಸನ್ ಎರಡು ಡಜನ್ ಮಾತ್ರ. ಈಗ ಸಾವಿರಗಟ್ಟಲೆ ಇವೆ. ತೋಳಗಳನ್ನು 1920ರ ದಶಕದಲ್ಲಿ ಪೂರ್ತಿ ಕೊಂದು ಮುಗಿಸಿದ್ದರು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳ ತಂದು ಬಿಟ್ಟ ಮೇಲೆ ಮತ್ತೆ ಸಂಸಾರ ಬೆಳೆಸಿದವು. ಲಾಮಾರ್‌ನಲ್ಲಿ ಮಸುಕಿನಲ್ಲೇ ದುರ್ಬೀನು ನಿಲ್ಲಿಸಿಕೊಂಡು ತೋಳಕ್ಕಾಗಿ ಕಾಯುವ ಜನ ಇರುತ್ತಾರೆ. ಅವರ ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕಾದರೆ ಇಂಗ್ಲಿಷ್ ಬರಬೇಕೆಂದಿಲ್ಲ, ತಾಳ್ಮೆ ಇದ್ದರೆ ಸಾಕು.

ಹಾಗೆಂದು ಹಳ್ಳಿಯವರಿಗೆ ಎಲ್ಲ ಗೊತ್ತು ಎಂದು ಬೀಗುವುದೂ ಬೇಡ. ನಮ್ಮ ಎರಡು ಅಭ್ಯಾಸಗಳನ್ನು ವಿಮಾನ ಹತ್ತುವ ಮೊದಲೇ ಬಿಟ್ಟು ಹೋಗಬೇಕು.

ಮೊದಲನೆಯದು, ಪ್ರಾಣಿಗೆ ತಿನ್ನಲು ಕೊಡುವುದು. ಕೋತಿಗೆ ಬಾಳೆಹಣ್ಣು ಎಸೆಯುವುದನ್ನು ನಾವು ಪುಣ್ಯ ಎಂದುಕೊಂಡಿದ್ದೇವೆ. ಚಾಮರಾಜನಗರದಿಂದ ತಮಿಳುನಾಡಿಗೆ ಹೋಗುವ ಆಸನೂರಿನ ದಾರಿಯಲ್ಲಿ ಲಾರಿಯವರು ಕಬ್ಬು ಎಸೆದೆಸೆದು ಏನಾಯಿತು? ಆನೆಗಳು ರಸ್ತೆಗೇ ಬಂದು ಕಬ್ಬಿನ ಲಾರಿ ತಡೆಯಲು ಕಲಿತವು. ಯೆಲ್ಲೋಸ್ಟೋನ್ ಈ ಪಾಠವನ್ನು ಬಹಳ ಹಿಂದೆಯೇ ಕಲಿತಿದೆ. ಒಂದು ಕಾಲದಲ್ಲಿ ಹೋಟೆಲಿನ ಎಂಜಲು ಸುರಿಯುವ ಜಾಗಕ್ಕೆ ಕರಡಿಗಳು ಬರುತ್ತಿದ್ದವು, ಅದನ್ನು ನೋಡಲು ಜನ ಕೂರಲೆಂದು ಮೆಟ್ಟಿಲು ಬೆಂಚು ಹಾಕಿದ್ದರು. ರಸ್ತೆಯಲ್ಲಿ ಕಾರಿನ ಕಿಟಕಿಯಿಂದಲೇ ಕರಡಿಗೆ ತಿನ್ನಿಸುತ್ತಿದ್ದರು. 1931ರಿಂದ 1969ರವರೆಗೆ ವರ್ಷಕ್ಕೆ ಸರಾಸರಿ 48 ಮಂದಿ ಕರಡಿಯಿಂದ ಗಾಯಗೊಂಡರು. ಕಡೆಗೆ ಆ ಕಸದ ಗುಂಡಿಗಳನ್ನೆಲ್ಲ ಮುಚ್ಚಿದರು. ಈಗ ಅಲ್ಲಿ ಯಾವ ಕಾಡುಪ್ರಾಣಿಗೂ ತಿನ್ನಲು ಕೊಡುವುದು ಅಪರಾಧ. ಆರ್‌ವಿಯ ಹೊರಗೆ ಮೇಜಿನ ಮೇಲೆ ಸಾರಿನ ಪಾತ್ರೆ, ಉಪ್ಪಿನಕಾಯಿ ಡಬ್ಬಿ ಬಿಟ್ಟು ಮಲಗುವಂತಿಲ್ಲ. ಎಲ್ಲವನ್ನೂ ಒಳಗಿಟ್ಟು ಬಾಗಿಲು ಹಾಕಬೇಕು.

ಎರಡನೆಯದು, ಹತ್ತಿರ ಹೋಗುವುದು. ಬೈಸನ್ ನೋಡಲು ನಮ್ಮ ಎಮ್ಮೆಯ ದೂರದ ನೆಂಟನಂತೆ ಕಾಣುತ್ತದೆ, ತಲೆ ಬಗ್ಗಿಸಿ ಮೇಯುತ್ತಾ ಇರುತ್ತದೆ. ಗಂಡು ಬೈಸನ್ 900 ಕಿಲೋ ತೂಗಬಹುದು. ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. 2015ರ ಒಂದೇ ಬೇಸಿಗೆಯಲ್ಲಿ ತೀರಾ ಹತ್ತಿರ ಹೋದ ಐವರು ಬೈಸನ್‌ನಿಂದ ಗಾಯಗೊಂಡರು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಅವು ಬೆದೆಗೆ ಬರುವ ಕಾಲ. ಬೆದೆಗೆ ಬಂದ ಕೋಣದ ಹತ್ತಿರ ಹೋಗಬಾರದು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕೈಯಲ್ಲಿ ಮೊಬೈಲ್ ಇದ್ದಾಗ ನಾವೂ ಮರೆಯುತ್ತೇವೆ. ಅಲ್ಲಿಯ ನಿಯಮ ಸ್ಪಷ್ಟ: ಕರಡಿ ಮತ್ತು ತೋಳದಿಂದ ಕನಿಷ್ಠ 91 ಮೀಟರ್, ಬೈಸನ್ ಮತ್ತು ಎಲ್ಕ್ ಎಂಬ ದೊಡ್ಡ ಜಿಂಕೆಯಿಂದ ಕನಿಷ್ಠ 23 ಮೀಟರ್ ದೂರ ಇರಬೇಕು. ಅವೇ ಹತ್ತಿರ ಬಂದರೆ ನಾವು ಹಿಂದೆ ಸರಿಯಬೇಕು.

ಈ ದೂರ ಬರೀ ನಮ್ಮ ಜೀವ ಉಳಿಸಲು ಎಂದುಕೊಳ್ಳಬೇಡಿ. 2016ರ ಮೇ ತಿಂಗಳಲ್ಲಿ ಅಲ್ಲಿಗೆ ಬಂದ ಪ್ರವಾಸಿಗರು ಒಂದು ಬೈಸನ್ ಕರುವಿಗೆ ಚಳಿಯಾಗುತ್ತಿದೆ ಎಂದು ಮರುಗಿ, ಅದನ್ನು ಎತ್ತಿ ಕಾರಿನಲ್ಲಿ ಹಾಕಿಕೊಂಡು ಹೋದರು. ಸಿಬ್ಬಂದಿ ಅದನ್ನು ಮತ್ತೆ ಹಿಂಡಿಗೆ ಸೇರಿಸಲು ಪ್ರಯತ್ನಿಸಿದರೂ ಹಿಂಡು ಸೇರಿಸಿಕೊಳ್ಳಲಿಲ್ಲ. ಕರು ರಸ್ತೆಗೆ ಬಂದು ಜನರ, ಕಾರುಗಳ ಹಿಂದೆ ಅಲೆಯತೊಡಗಿತು. ಕೊನೆಗೆ ಸಿಬ್ಬಂದಿಯೇ ಅದನ್ನು ಕೊಲ್ಲಬೇಕಾಯಿತು. 2023ರ ಮೇ ತಿಂಗಳಲ್ಲಿ ಲಾಮಾರ್ ಕಣಿವೆಯಲ್ಲಿ ಮತ್ತೆ ಹೀಗೇ ಆಯಿತು. ಹೊಳೆ ದಾಟುವಾಗ ಹಿಂದುಳಿದ ಕರುವನ್ನು ಒಬ್ಬ ಪ್ರವಾಸಿ ಕೈಯಿಂದ ದಡಕ್ಕೆ ದೂಡಿದ. ಹಿಂಡು ಅದನ್ನು ಬಿಟ್ಟು ಹೋಯಿತು, ಅದನ್ನೂ ಕೊಲ್ಲಬೇಕಾಯಿತು. ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಕರುಣೆಯೇ ಇರಬಹುದು. ಕೊಟ್ಟಿಗೆಯ ಕರುವಿಗೆ ಸಲ್ಲುವ ಕರುಣೆ ಕಾಡಿನ ಕರುವಿಗೆ ಸಾವಾಗುತ್ತದೆ. ಅಲ್ಲಿ ಕೈ ಕಟ್ಟಿ ನಿಲ್ಲುವುದೇ ಕರುಣೆ.

ಇನ್ನು ಯೋಜನೆಯ ಮಾತು. ಮಗ ಫೋನ್ ಮಾಡಿದಾಗ ಈ ಕೆಲವನ್ನು ಅವನ ಕಿವಿಗೆ ಹಾಕಿ.

ಮಲಗುವ ಜಾಗವನ್ನು ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ಸಿಕ್ಕಿದ ಕಡೆ ರಸ್ತೆ ಪಕ್ಕ ನಿಲ್ಲಿಸಿ ಮಲಗಲು ಅಲ್ಲಿ ಬಿಡುವುದಿಲ್ಲ. 30 ಅಡಿಗಿಂತ ಉದ್ದದ ಗಾಡಿಗೆ ಜಾಗಗಳು ಕಡಿಮೆ, ಆದ್ದರಿಂದ ಗಾಡಿ ಚಿಕ್ಕದಾದಷ್ಟೂ ಒಳ್ಳೆಯದು. ನೀರು, ಕರೆಂಟು, ಕೊಳೆ ನೀರಿನ ಪೈಪು ಮೂರೂ ಇರುವ ತಾಣ ಕಾಡಿನೊಳಗೆ ಒಂದೇ, ಫಿಷಿಂಗ್ ಬ್ರಿಡ್ಜ್. ಅದು ಹೇಡನ್ ಕಣಿವೆಗೆ ಹತ್ತಿರ. ಅಲ್ಲಿ ಕರಡಿ ಓಡಾಟ ಇರುವುದರಿಂದ ಬಟ್ಟೆಯ ಗುಡಾರಕ್ಕೆ ಅವಕಾಶವಿಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ.

ಆರ್‌ವಿಯನ್ನು ಅಲ್ಲೇ ನಿಲ್ಲಿಸಿ, ಓಡಾಡಲು ಒಂದು ಸಣ್ಣ ಕಾರು ಇಟ್ಟುಕೊಳ್ಳಿ. ಇನ್ನೊಂದು ಕುಟುಂಬ ಜೊತೆಗೆ ಬಂದರೆ ಖರ್ಚೂ ಹಂಚಿಹೋಗುತ್ತದೆ. ಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ಬೆಳಗಿನ ಐದಕ್ಕೆ ಹೊರಡಲು ಆಗುವುದಿಲ್ಲ. ಕಾರಿನಲ್ಲಾದರೆ ಇಬ್ಬರು ಹಿರಿಯರು, ಒಬ್ಬ ಮಗ, ಒಂದು ಫ್ಲಾಸ್ಕ್ ಕಾಫಿ ಸಾಕು. ಜುಲೈನಲ್ಲಿ ಅಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಹುಟ್ಟುತ್ತಾನೆ, ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ನಡುವಿನ ಬಿಸಿಲು ಹೊತ್ತಿನಲ್ಲಿ ಅಡುಗೆ, ನಿದ್ದೆ. ಕತ್ತಲಾದ ಮೇಲೆ ಗಾಡಿ ಓಡಿಸುವುದು ಬೇಡ. ಪಕ್ಕದ ಗ್ರ್ಯಾಂಡ್ ಟೀಟನ್ ಕಾಡಿನಲ್ಲಿ ಲಕ್ಷಾಂತರ ಜನ ನೋಡಿದ್ದ, 399 ಎಂಬ ಸಂಖ್ಯೆಯಿಂದಲೇ ಹೆಸರಾಗಿದ್ದ 28 ವರ್ಷದ ತಾಯಿ ಕರಡಿ 2024ರ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಹೆದ್ದಾರಿಯಲ್ಲಿ ಗಾಡಿಗೆ ಸಿಕ್ಕಿ ಸತ್ತಿತು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಲ್ಲಿಸಿರುವುದು ಯಾಕೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಾಧ್ಯವಾದರೆ ಜುಲೈ ಬಿಟ್ಟು ಮೇ ಕೊನೆಗೋ ಸೆಪ್ಟೆಂಬರಿಗೋ ಹೋಗಿ. ಮೇ ತಿಂಗಳಲ್ಲಿ ಕೆಂಚು ಬಣ್ಣದ ಬೈಸನ್ ಕರುಗಳು ಇರುತ್ತವೆ, ಕರಡಿಗಳು ಕೆಳಗಿನ ಹುಲ್ಲಿಗೆ ಇಳಿದಿರುತ್ತವೆ. ಸೆಪ್ಟೆಂಬರಿನಲ್ಲಿ ಗಂಡು ಎಲ್ಕ್‌ಗಳ ಕೂಗು ಕೇಳುತ್ತದೆ. ಆದರೆ ಚಳಿಗೆ ಸಿದ್ಧವಾಗಿ ಹೋಗಬೇಕು. ಆ ಕಾಡಿನ ಬಹುಭಾಗ ಸಮುದ್ರ ಮಟ್ಟದಿಂದ 2,000 ಮೀಟರಿಗಿಂತ ಎತ್ತರದಲ್ಲಿದೆ, ಬೇಸಿಗೆಯಲ್ಲೂ ರಾತ್ರಿ ನಡುಗಿಸುತ್ತದೆ. ಸ್ವೆಟರ್, ಮಂಕಿ ಕ್ಯಾಪ್ ಊರಿಂದಲೇ ಹೋಗಲಿ. ಬಿಪಿ, ಶುಗರ್ ಮಾತ್ರೆ ಎರಡು ಕಡೆ ಹಂಚಿಟ್ಟುಕೊಳ್ಳಿ. ಕಾಡಿನೊಳಗೆ ಬಹಳ ಕಡೆ ಫೋನ್ ಸಿಗ್ನಲ್ ಸಿಗುವುದಿಲ್ಲ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ಹಣದ್ದೂ ಒಂದು ಮಾತು. 2026ರ ಜನವರಿಯಿಂದ ಯೆಲ್ಲೋಸ್ಟೋನ್ ಸೇರಿ ಹೆಚ್ಚು ಜನ ಬರುವ 11 ಉದ್ಯಾನಗಳಲ್ಲಿ, ವರ್ಷದ ಪಾಸ್ ಇಲ್ಲದ, 16 ವರ್ಷ ದಾಟಿದ ವಿದೇಶಿ ಪ್ರವಾಸಿಗರಿಗೆ ಮಾಮೂಲು ಶುಲ್ಕದ ಮೇಲೆ ತಲೆಗೆ 100 ಡಾಲರ್ ಹೆಚ್ಚುವರಿ ಹಾಕಿದ್ದಾರೆ. ವಿಸಿಟರ್ ವೀಸಾದಲ್ಲಿ ಹೋದ ಅಪ್ಪ ಅಮ್ಮ ಇಬ್ಬರೆಂದರೆ 200 ಡಾಲರ್. ಅಷ್ಟು ಕೊಟ್ಟು ಒಳಗೆ ಹೋಗಿ, ಮಧ್ಯಾಹ್ನದ ಜಾಮ್‌ನಲ್ಲಿ ಕೂತು ಬರುವುದು ಯಾವ ಲೆಕ್ಕ?

ನನಗೆ ಹಣಕ್ಕಿಂತ ಬೇಸರ ತರುವ ಸಂಗತಿ ಬೇರೆ. ಮಕ್ಕಳ ಮನೆಗೆ ಹೋದ ಹಿರಿಯರು ಅಲ್ಲಿ ಎಲ್ಲಕ್ಕೂ ಇನ್ನೊಬ್ಬರನ್ನು ಕೇಳಬೇಕು. ಬಾಗಿಲು ತೆರೆಯಲು, ಒಲೆ ಹಚ್ಚಲು, ಅಂಗಡಿಗೆ ಹೋಗಲು. ಐವತ್ತು ವರ್ಷ ಹೊಲ, ದನ, ಮಳೆ ನೋಡಿಕೊಂಡವರು ಏನೂ ಗೊತ್ತಿಲ್ಲದವರಂತೆ ಸೋಫಾದ ಮೂಲೆಯಲ್ಲಿ ಕೂರುತ್ತಾರೆ. ಅವರಿಗೆ ಗೊತ್ತಿರುವುದು ಕೆಲಸಕ್ಕೆ ಬರುವ ಜಾಗ ಆ ದೇಶದಲ್ಲಿ ಒಂದಾದರೂ ಇದ್ದರೆ ಅದು ಇಂಥ ಹುಲ್ಲುಗಾವಲು. ಹುಲ್ಲು ಅಲುಗಿದ್ದು ಗಾಳಿಗೋ ಪ್ರಾಣಿಗೋ ಎಂದು ಮೊಮ್ಮಗನಿಗೆ ಹೇಳಿಕೊಡಬಲ್ಲವರು ಅವರೇ. ಅಲ್ಲಿಯೂ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರೆ ತಪ್ಪು ನಮ್ಮ ಮಕ್ಕಳದ್ದು.

ಹಾಗಾಗಿ ಮಕ್ಕಳು ಈ ಬರಹ ಓದುತ್ತಿದ್ದರೆ, ಟಿಕೆಟ್ ಬುಕ್ ಮಾಡುವ ಮೊದಲು ಊರಿಗೆ ಫೋನ್ ಮಾಡಿ ಕೇಳಿ: "ಅಪ್ಪಾ, ಬೆಳಿಗ್ಗೆ ಎಷ್ಟೊತ್ತಿಗೆ ಹೊರಡೋಣ?" ಅಪ್ಪ ಅಮ್ಮಂದಿರು ಓದುತ್ತಿದ್ದರೆ, ಮಗ ಕೇಳದಿದ್ದರೂ ನೀವೇ ಹೇಳಿ: "ನಾಲ್ಕೂವರೆಗೆ ಎಬ್ಬಿಸು ಮಗಾ. ದಿನಕ್ಕೆ ಒಂದೇ ಜಾಗ ಸಾಕು."